ನೀಲಿಗಿಡದಿಂದ ಹಸಿರು ಪೊರೆಯವರೆಗೆ



ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ವಾಹಕಗಳು, ಅವಾಹಕಗಳು ಎಂಬ ಎರಡು ಸಾಲುಗಳ ಪಟ್ಟಿಯೊಂದು ಇರುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ತಾಮ್ರ, ಅಲ್ಯೂಮಿನಿಯಂ, ಬೆಳ್ಳಿ ಒಂದು ಕಡೆ; ಮರ, ರಬ್ಬರು, ಪಿಂಗಾಣಿ, ಪ್ಲಾಸ್ಟಿಕ್ ಇನ್ನೊಂದು ಕಡೆ. ಈಗ ಬ್ಯಾಟರಿ ತಯಾರಿಕೆಯಲ್ಲಿ ತೊಡಗಿರುವ ನನ್ನ ಶಿಷ್ಯನೊಬ್ಬ ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತ, "ಮೇಷ್ಟ್ರೇ, ಪ್ಲಾಸ್ಟಿಕ್ಕಿನಲ್ಲಿಯೂ ಕರೆಂಟು ಹರಿಯುತ್ತದೆ ಎಂದು ಇಲ್ಲಿ ಎಲ್ಲರೂ ಸಹಜವಾಗಿ ಹೇಳುತ್ತಾರೆ. ಇದು ಯಾವಾಗ ಆರಂಭವಾಯಿತು, ಯಾರು ಕಂಡುಹಿಡಿದರು ಎಂಬುದನ್ನು ಸ್ವಲ್ಪ ಬರೆಯಿರಿ" ಎಂದು ಕೇಳಿದ. ಅವನಿಗೆ ಕೊಟ್ಟ ಮಾತಿನಂತೆ ಈ ಲೇಖನ. ಪುಸ್ತಕದ ಆ ಪಟ್ಟಿ ಪಾಲಿಥೀನ್, ಬೇಕಲೈಟ್, ಪಿ.ವಿ.ಸಿ.ಗಳ ಮಟ್ಟಿಗೆ ಇಂದಿಗೂ ಸರಿಯೇ. ಆದರೆ ಪಾಲಿಮರ್ ಎಂಬ ದೊಡ್ಡ ಕುಟುಂಬದಲ್ಲಿ ಬೇರೆ ಸ್ವಭಾವದ ಕೆಲವು ಸದಸ್ಯರೂ ಇದ್ದಾರೆ. ಅವರ ಚರಿತ್ರೆಯು ನಾವು ಎಣಿಸುವುದಕ್ಕಿಂತ ಹಳೆಯದು, ಮತ್ತು ಅದರ ಒಂದು ಎಳೆ ನಮ್ಮ ನಾಡಿನ ಮೂಲಕವೂ ಹಾದುಹೋಗಿದೆ.

ಕಥೆಯನ್ನು ಒಂದು ಹೆಸರಿನಿಂದ ಪ್ರಾರಂಭಿಸೋಣ. ಸಂಸ್ಕೃತದ 'ನೀಲ' ಶಬ್ದವು ವ್ಯಾಪಾರಿಗಳ ಜೊತೆಯಲ್ಲಿ ಪಶ್ಚಿಮಕ್ಕೆ ಹೋಗಿ, ಅರಬ್ಬಿಯಲ್ಲಿ 'ಅಲ್-ನೀಲ್' ಆಗಿ, ಪೋರ್ಚುಗೀಸರ ಬಾಯಲ್ಲಿ 'ಅನಿಲ್' ಆಯಿತು. ನೀಲಿಗಿಡದ ಬಣ್ಣಕ್ಕೆ ಅದೇ ಹೆಸರು. 1826ರಲ್ಲಿ ಉನ್ವರ್ಡೋರ್ಬೆನ್ ಎಂಬ ಜರ್ಮನ್ ರಸಾಯನಜ್ಞನು ನೀಲಿಯನ್ನು ಕಾಯಿಸಿ ಭಟ್ಟಿ ಇಳಿಸಿದಾಗ ಎಣ್ಣೆಯಂತಹ ದ್ರವವೊಂದು ದೊರೆಯಿತು. 1840ರಲ್ಲಿ ಫ್ರಿಟ್ಜ್‌ಶೆ ಎಂಬಾತನು ಅದೇ ನೀಲಿಯಿಂದ ಅದೇ ದ್ರವವನ್ನು ಪಡೆದು ಅದಕ್ಕೆ 'ಅನಿಲೀನ್' ಎಂದು ಹೆಸರಿಟ್ಟನು. ಹೀಗೆ ನಮ್ಮ ನೀಲವು ರಸಾಯನಶಾಸ್ತ್ರದ ಪುಸ್ತಕಗಳೊಳಗೆ ಸೇರಿಕೊಂಡಿತು. 1856ರಲ್ಲಿ ಪರ್ಕಿನ್ ಎಂಬ ಹದಿನೆಂಟರ ಹುಡುಗ ಅನಿಲೀನಿನಿಂದ ನೇರಳೆ ಬಣ್ಣವನ್ನು ತಯಾರಿಸಿದ ಮೇಲೆ ಕೃತಕ ಬಣ್ಣಗಳ ಯುಗ ಆರಂಭವಾಯಿತು. 1897ರಲ್ಲಿ ಕೃತಕ ನೀಲಿಯೇ ಮಾರುಕಟ್ಟೆಗೆ ಬಂದು, ಭಾರತದ ನೀಲಿ ಬೆಳೆಯ ವ್ಯಾಪಾರ ಕುಸಿಯಿತು. ನೀಲಿಯಿಂದ ಹೆಸರು ಪಡೆದ ವಸ್ತುವಿನಿಂದ ಬೆಳೆದ ಉದ್ಯಮವೇ ನೀಲಿಗಿಡದ ಬೇಸಾಯವನ್ನು ಮುಗಿಸಿತೆಂಬುದು ಚರಿತ್ರೆಯ ಒಂದು ವಿಪರ್ಯಾಸ.

ಇದರ ನಡುವೆ, 1862ರಲ್ಲಿ, ಲಂಡನ್ ಆಸ್ಪತ್ರೆಯ ರಸಾಯನಶಾಸ್ತ್ರದ ಅಧ್ಯಾಪಕ ಹೆನ್ರಿ ಲೆಥೆಬಿ ಒಂದು ಸಣ್ಣ ಪ್ರಯೋಗವನ್ನು ಮಾಡಿದನು. ಆತನಿಗೆ ವಿಷಪ್ರಾಶನದ ಪ್ರಕರಣಗಳಲ್ಲಿ ಆಸಕ್ತಿ ಇತ್ತು. ಅನಿಲೀನನ್ನು ಗಂಧಕಾಮ್ಲದಲ್ಲಿ ಕರಗಿಸಿ, ಪ್ಲಾಟಿನಂ ತಗಡುಗಳನ್ನು ಅದ್ದಿ, ಬ್ಯಾಟರಿಯಿಂದ ವಿದ್ಯುತ್ತನ್ನು ಹರಿಸಿದನು. ಧನ ವಿದ್ಯುದ್ವಾರದ ಮೇಲೆ ನೀಲಿಮಿಶ್ರಿತ ಕಪ್ಪು ಪೊರೆಯೊಂದು ಕಟ್ಟಿಕೊಂಡಿತು. ರಾಸಾಯನಿಕಗಳನ್ನು ಬದಲಿಸಿದಾಗ ಅದರ ಬಣ್ಣವೂ ಬದಲಾಗುತ್ತಿತ್ತು. ಲೆಥೆಬಿ ಇದನ್ನು ಬರೆದು ಪ್ರಕಟಿಸಿದನು. ಅದು ಇಂದು ನಾವು ಪಾಲಿಅನಿಲೀನ್ ಎಂದು ಕರೆಯುವ ವಸ್ತು. ಆದರೆ ಪಾಲಿಮರ್ ಎಂಬ ಕಲ್ಪನೆಯೇ ಆಗ ಇರಲಿಲ್ಲ. ಒಂದೇ ಬಗೆಯ ಸಣ್ಣ ಅಣುಗಳು ಸರಪಳಿಯಂತೆ ಕೂಡಿ ದೊಡ್ಡ ಅಣುಗಳಾಗುತ್ತವೆ ಎಂದು ಸ್ಟೌಡಿಂಗರ್ ವಾದಿಸಿದ್ದು 1920ರಲ್ಲಿ. ಹೀಗಾಗಿ ಆ ಪೊರೆಯು ವಿದ್ಯುತ್ತನ್ನು ಹರಿಸುತ್ತದೆಯೇ ಎಂದು ಕೇಳಬೇಕೆಂದು ಆ ಕಾಲದಲ್ಲಿ ಯಾರಿಗೂ ತೋಚಲಿಲ್ಲ. ಬಟ್ಟೆಗೆ ಹಾಕುವ ಕಪ್ಪು ಬಣ್ಣವಾಗಿ ಮಾತ್ರ ಅದು ಬಳಕೆಗೆ ಬಂದಿತು.

ಇಲ್ಲಿ ಒಂದು ಕ್ಷಣ ನಿಂತು, ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹೇಗೆ ಹರಿದೀತು ಎಂಬುದನ್ನು ವಿಚಾರಿಸಬೇಕು. ಮದುವೆಯ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಎಲ್ಲ ಎಲೆಗಳ ಮುಂದೆಯೂ ಜನ ಕುಳಿತಿದ್ದರೆ ಯಾರೂ ಅಲುಗಾಡುವಂತಿಲ್ಲ. ನಡುವೆ ಒಬ್ಬರು ಎದ್ದುಹೋದರೆ ಪಕ್ಕದವರು ಆ ಜಾಗಕ್ಕೆ ಸರಿಯಬಹುದು, ಅವರ ಜಾಗಕ್ಕೆ ಇನ್ನೊಬ್ಬರು ಸರಿಯಬಹುದು. ದೂರದಿಂದ ನೋಡುವವರಿಗೆ ಖಾಲಿ ಜಾಗವೇ ನಡೆದುಹೋದಂತೆ ಕಾಣುತ್ತದೆ. ಪಾಲಿಥೀನಿನಲ್ಲಿ ಎಲೆಕ್ಟ್ರಾನುಗಳು ತಮ್ಮ ತಮ್ಮ ಬಂಧಗಳಲ್ಲಿ ಬಿಗಿಯಾಗಿ ಕಟ್ಟಿಹಾಕಲ್ಪಟ್ಟಿರುತ್ತವೆ. ಆದರೆ ಒಂಟಿ ಬಂಧ, ಜೋಡಿ ಬಂಧಗಳು ಒಂದಾದ ಮೇಲೊಂದರಂತೆ ಬರುವ ಸರಪಳಿಗಳಲ್ಲಿ ಹಿಡಿತ ಸ್ವಲ್ಪ ಸಡಿಲ. ಅಲ್ಲಿಂದ ಕೆಲವು ಎಲೆಕ್ಟ್ರಾನುಗಳನ್ನು ಕಿತ್ತರೆ ಖಾಲಿ ಜಾಗಗಳು ಹುಟ್ಟಿ, ಸರಪಳಿಯುದ್ದಕ್ಕೂ ಓಡಾಟ ಪ್ರಾರಂಭವಾಗುತ್ತದೆ. ಎಲೆಕ್ಟ್ರಾನ್ ಕಿತ್ತ ಸ್ಥಳದಲ್ಲಿ ಉಳಿಯುವ ಧನ ಆವೇಶವನ್ನು ಸರಿದೂಗಿಸಲು ಋಣ ಅಯಾನೊಂದು ಬಂದು ಪಕ್ಕದಲ್ಲಿ ಕೂರುತ್ತದೆ. ಇದಕ್ಕೆ 'ಡೋಪಿಂಗ್' ಎಂದು ಹೆಸರು.

ಈ ತತ್ತ್ವವನ್ನು ಲೋಕಕ್ಕೆ ಮನವರಿಕೆ ಮಾಡಿಕೊಟ್ಟ ಘಟನೆ ಜಪಾನಿನಲ್ಲಿ ಆರಂಭವಾಯಿತು. 1967ರಲ್ಲಿ ಟೋಕಿಯೋದಲ್ಲಿ ಹಿಡೇಕಿ ಶಿರಕಾವಾ ಅವರ ಪ್ರಯೋಗಾಲಯದಲ್ಲಿ, ಅಸಿಟಿಲೀನ್ ಅನಿಲದಿಂದ ಪಾಲಿಮರ್ ತಯಾರಿಸುವಾಗ ವೇಗವರ್ಧಕವನ್ನು ಹಾಕಬೇಕಾದುದಕ್ಕಿಂತ ಸಾವಿರ ಪಟ್ಟು ಹೆಚ್ಚು ಹಾಕಲಾಯಿತು. ಎಂದಿನ ಕರಿಪುಡಿಯ ಬದಲು ಬೆಳ್ಳಿಯಂತೆ ಹೊಳೆಯುವ ಹಾಳೆ ಸಿಕ್ಕಿತು. ಕೆಲವು ವರ್ಷಗಳ ನಂತರ ಜಪಾನಿಗೆ ಬಂದಿದ್ದ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಲನ್ ಮ್ಯಾಕ್‌ಡಿಯಾರ್ಮಿಡ್ ಆ ಹಾಳೆಯ ವಿಚಾರ ತಿಳಿದು ಶಿರಕಾವಾ ಅವರನ್ನು ತಮ್ಮಲ್ಲಿಗೆ ಆಹ್ವಾನಿಸಿದರು. 1976ರಲ್ಲಿ ಅಲ್ಲಿ ಭೌತವಿಜ್ಞಾನಿ ಅಲನ್ ಹೀಗರ್ ಅವರೊಡನೆ ಸೇರಿ ಅದಕ್ಕೆ ಅಯೋಡಿನ್ ಆವಿಯನ್ನು ತಾಗಿಸಿದಾಗ ಅದರ ವಾಹಕತೆ ಸುಮಾರು ಒಂದು ಕೋಟಿ ಪಟ್ಟು ಏರಿತು. 1977ರಲ್ಲಿ ಇದು ಪ್ರಕಟವಾಯಿತು. 2000ದಲ್ಲಿ ಈ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಇದಕ್ಕೆ ಮುಂಚೆ ಯಾರೂ ಏನೂ ಮಾಡಿರಲಿಲ್ಲವೇ ಎಂದು ಕೇಳಿದರೆ, ಮಾಡಿದ್ದರು. 1963ರಲ್ಲಿಯೇ ಆಸ್ಟ್ರೇಲಿಯಾದ ವೈಸ್ ಮತ್ತು ಸಂಗಡಿಗರು ಅಯೋಡಿನ್ ಸೇರಿದ ಪಾಲಿಪಿರೋಲ್ ವಿದ್ಯುತ್ತನ್ನು ಹರಿಸುವುದನ್ನು ವರದಿ ಮಾಡಿದ್ದರು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಇನ್ನೊಂದು ಜೋಡಿ ಪ್ರಯೋಗ. 1968ರಲ್ಲಿ ಇಟಲಿಯ ದಾಲ್‌ಓಲಿಯೋ ಮತ್ತು ಸಹೋದ್ಯೋಗಿಗಳು ಪಿರೋಲ್ ಎಂಬ ದ್ರವವನ್ನು ಗಂಧಕಾಮ್ಲದ ನೀರಿನಲ್ಲಿ ಬೆರೆಸಿ ವಿದ್ಯುತ್ ಹರಿಸಿದರು. ಪ್ಲಾಟಿನಂ ಮೇಲೆ ಉದುರಿಹೋಗುವಂತಹ ಕಪ್ಪು ವಸ್ತು ಸಿಕ್ಕಿತು. 1979ರಲ್ಲಿ ಕ್ಯಾಲಿಫೋರ್ನಿಯಾದ ಐ.ಬಿ.ಎಂ. ಸಂಶೋಧನಾಲಯದಲ್ಲಿ ಡಿಯಾಜ್, ಕನಜಾವಾ ಮುಂತಾದವರು ಅದೇ ಪಿರೋಲನ್ನು ತೆಗೆದುಕೊಂಡು, ಆಮ್ಲದ ನೀರಿನ ಬದಲು ಅಸಿಟೋನೈಟ್ರೈಲ್ ಎಂಬ ದ್ರಾವಕವನ್ನೂ, ಗಂಧಕಾಮ್ಲದ ಬದಲು ಬೇರೆ ಲವಣವನ್ನೂ ಬಳಸಿದರು. ಈ ಸಲ ದೊರೆತದ್ದು ಬಾಳೆಯ ಎಲೆಯ ಸುಳಿಯಂತೆ ತಗಡಿನಿಂದ ಬಿಡಿಸಿ ತೆಗೆಯಬಹುದಾದ, ಬಾಗಿಸಬಹುದಾದ, ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಹಾಳೆ. ಮೂಲ ವಸ್ತು ಒಂದೇ, ವಿದ್ಯುದ್ವಾರ ಒಂದೇ. ಪರಿಸರ ಮಾತ್ರ ಬೇರೆ. ವಸ್ತುವಿನ ಗುಣವು ಅದು ಯಾವುದರಿಂದ ಆಗಿದೆ ಎಂಬುದರಷ್ಟೇ ಹೇಗೆ ಆಗಿದೆ ಎಂಬುದನ್ನೂ ಅವಲಂಬಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಕಬ್ಬಾಳಿನ ಸುತ್ತಮುತ್ತಲಿನ ನಮಗೆ ಇದನ್ನು ಅರ್ಥ ಮಾಡಿಕೊಳ್ಳಲು ದೂರ ಹೋಗಬೇಕಾದುದಿಲ್ಲ. ಚನ್ನಪಟ್ಟಣದ ಬೊಂಬೆ ಮಾಡುವವರ ಮುಂದೆ ಅರ್ಧ ಗಂಟೆ ಕುಳಿತರೆ ಸಾಕು. ಚೆನ್ನಾಗಿ ಒಣಗಿದ ಹಾಲೆಮರದ ತುಂಡು ಯಂತ್ರದಲ್ಲಿ ಗರಗರನೆ ತಿರುಗುತ್ತಿರುತ್ತದೆ. ಕುಶಲಕರ್ಮಿಯು ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅನಂತರ ತಾಳೆಗರಿಯಿಂದ ಒತ್ತಿದರೆ ಕನ್ನಡಿಯಂತಹ ಹೊಳಪು ಬರುತ್ತದೆ. ಮರ ಹಸಿಯಾಗಿದ್ದರೆ ಅರಗು ಏಳುತ್ತದೆ. ವೇಗ ಸಾಲದಿದ್ದರೆ ಅರಗು ಕರಗುವುದಿಲ್ಲ. ಅತಿಯಾಗಿ ಒತ್ತಿದರೆ ಸುಟ್ಟು ಬಣ್ಣ ಕೆಡುತ್ತದೆ. ಅದೇ ಅರಗು, ಅದೇ ಮರ. ಕೈಯ ಒತ್ತಡ, ಯಂತ್ರದ ವೇಗ, ಮರದ ತೇವ, ಇವುಗಳ ಮೇಲೆ ಪೊರೆಯ ಯೋಗ್ಯತೆ ನಿಂತಿದೆ. ವಿದ್ಯುತ್ತಿನಿಂದ ಪಾಲಿಮರ್ ಪೊರೆ ಕಟ್ಟುವ ವಿಜ್ಞಾನಿಯ ಚಿಂತೆಗಳೂ ಇದೇ ಜಾತಿಯವು.

ಪಾಲಿಅನಿಲೀನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಧನ ವಿದ್ಯುದ್ವಾರವು ಅನಿಲೀನ್ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಂಡಾಗ ಅದು ಅಸ್ಥಿರವಾಗಿ, ಇನ್ನೊಂದು ಅಂತಹುದೇ ಅಣುವಿನೊಡನೆ ಜೋಡಿಯಾಗುತ್ತದೆ. ಜೋಡಿಯಿಂದ ಮತ್ತೆ ಎಲೆಕ್ಟ್ರಾನ್ ಹೋಗುತ್ತದೆ, ಮತ್ತೊಂದು ಅಣು ಸೇರುತ್ತದೆ, ಹೀಗೆ ಸರಪಳಿ ಬೆಳೆಯುತ್ತದೆ. ಪ್ರಾರಂಭಕ್ಕೆ ಹೆಚ್ಚು ವಿಭವ, ಅಂದರೆ ಹೆಚ್ಚು ವೋಲ್ಟೇಜ್, ಬೇಕು. ಒಮ್ಮೆ ತೆಳುವಾಗಿ ಪೊರೆ ಕಟ್ಟಿತೆಂದರೆ ಆ ಪೊರೆಯೇ ಮುಂದಿನ ಬೆಳವಣಿಗೆಗೆ ನೆರವಾಗುತ್ತದೆ. ಹೆಪ್ಪು ಹಾಕಿದ ಹಾಲಿನಂತೆ ಕೆಲಸ ತಾನಾಗಿಯೇ ಚುರುಕಾಗುತ್ತದೆ. ಸರಪಳಿ ಕಟ್ಟುವುದು ಮತ್ತು ಡೋಪಿಂಗ್ ಆಗುವುದು ಎರಡೂ ಒಂದೇ ಪಾತ್ರೆಯಲ್ಲಿ ಒಟ್ಟೊಟ್ಟಿಗೆ ನಡೆಯುವುದು ಈ ವಿಧಾನದ ವೈಶಿಷ್ಟ್ಯ.

ಮೊದಲನೆಯ ಷರತ್ತು ಆಮ್ಲತೆ. ದ್ರಾವಣವು ಚೆನ್ನಾಗಿ ಹುಳಿಯಾಗಿದ್ದರೆ ಮಾತ್ರ ಉದ್ದವಾದ ಸರಪಳಿಗಳ, ವಿದ್ಯುತ್ತನ್ನು ಹರಿಸುವ ಹಸಿರು ಪೊರೆ ಬರುತ್ತದೆ. ಆಮ್ಲತೆ ತಗ್ಗಿದರೆ ತುಂಡು ತುಂಡು ಸರಪಳಿಗಳ ಅವಾಹಕ ಪೊರೆಯೊಂದು ಕಟ್ಟಿ, ವಿದ್ಯುದ್ವಾರವನ್ನೇ ಮುಚ್ಚಿಹಾಕುತ್ತದೆ. ಸಿದ್ಧವಾದ ಹಸಿರು ವಸ್ತುವನ್ನೇ ಕ್ಷಾರದಲ್ಲಿ ತೊಳೆದರೂ ಅದರ ಆಮ್ಲ ಹೊರಟುಹೋಗಿ, ವಾಹಕತೆ ಸಾವಿರ ಕೋಟಿ ಪಟ್ಟಿನಷ್ಟು ಇಳಿಯುತ್ತದೆ. ಮತ್ತೆ ಆಮ್ಲದಲ್ಲಿ ಅದ್ದಿದರೆ ಹಸಿರೂ ವಾಹಕತೆಯೂ ಮರಳುತ್ತವೆ.

ಎರಡನೆಯದು ವಿಭವ. ಕಡಿಮೆ ವಿಭವದಲ್ಲಿ ಪೊರೆಯು ತಿಳಿಹಳದಿ, ವಿದ್ಯುತ್ತನ್ನು ಹರಿಸುವುದಿಲ್ಲ. ನಡುವಿನ ಮಟ್ಟದಲ್ಲಿ ಹಸಿರು, ವಾಹಕ. ಇನ್ನೂ ಏರಿಸಿದರೆ ನೀಲಿ-ನೇರಳೆ, ಮತ್ತೆ ಅವಾಹಕ. ಲೆಥೆಬಿ ಕಂಡ ಬಣ್ಣಗಳ ಆಟಕ್ಕೆ ಇದೇ ಕಾರಣ. ಅತಿ ಹೆಚ್ಚಿನ ವಿಭವದಲ್ಲಿ ಬಹಳ ಹೊತ್ತು ಇಟ್ಟರೆ ಸರಪಳಿಗಳು ನೀರಿನೊಡನೆ ವರ್ತಿಸಿ ಒಡೆದು, ಬೆನ್‌ಜೋಕ್ವಿನೋನ್ ಎಂಬ ಬೇಡದ ವಸ್ತುವಾಗುತ್ತದೆ. ಆತುರಪಟ್ಟು ಪೊರೆಯನ್ನು ಬೇಗ ಕಟ್ಟಲು ಹೋದವರು ಕಟ್ಟಿದ್ದನ್ನೇ ಕೆಡಿಸಿಕೊಳ್ಳುತ್ತಾರೆ.

ಮೂರನೆಯದು ವಿದ್ಯುತ್ತನ್ನು ಕೊಡುವ ಬಗೆ. ಪ್ರವಾಹವನ್ನು ಒಂದೇ ಪ್ರಮಾಣದಲ್ಲಿ ಇಡಬಹುದು, ವಿಭವವನ್ನು ಒಂದೇ ಮಟ್ಟದಲ್ಲಿ ಇಡಬಹುದು, ಅಥವಾ ವಿಭವವನ್ನು ಉಯ್ಯಾಲೆಯಂತೆ ಮೇಲಕ್ಕೂ ಕೆಳಕ್ಕೂ ತೂಗಬಹುದು. ಪ್ರತಿಯೊಂದು ವಿಧಾನದಲ್ಲಿಯೂ ಪೊರೆಯ ಹೆಣಿಗೆ ಬೇರೆಯಾಗುತ್ತದೆ. ನಾಲ್ಕನೆಯದು ಆಮ್ಲದ ಜಾತಿ. ಗಂಧಕಾಮ್ಲವೋ, ಹೈಡ್ರೋಕ್ಲೋರಿಕ್ ಆಮ್ಲವೋ, ಪರ್ಕ್ಲೋರಿಕ್ ಆಮ್ಲವೋ, ಯಾವುದನ್ನು ಬಳಸಿದರೂ ಅದರ ಋಣ ಅಯಾನು ಪೊರೆಯೊಳಗೆ ಸೇರಿಕೊಳ್ಳುವುದರಿಂದ ಬೆಳವಣಿಗೆಯ ವೇಗವೂ ಹೆಣಿಗೆಯೂ ಬದಲಾಗುತ್ತವೆ. ಐದನೆಯದು ಉಷ್ಣತೆ. ಪಾಲಿಪಿರೋಲ್ ಮುಂತಾದವುಗಳಲ್ಲಿ ತಣ್ಣಗೆ, ನಿಧಾನವಾಗಿ ಕಟ್ಟಿದ ಪೊರೆಯು ಹೆಚ್ಚು ಕ್ರಮಬದ್ಧವಾಗಿದ್ದು ಹೆಚ್ಚು ವಿದ್ಯುತ್ತನ್ನು ಹರಿಸುತ್ತದೆ. ಆರನೆಯದು, ಪೊರೆ ಯಾವುದರ ಮೇಲೆ ಕಟ್ಟುತ್ತದೆ ಎಂಬುದು. ನಮ್ಮ ಕಥೆ ಕರ್ನಾಟಕಕ್ಕೆ ಬರುವುದು ಈ ಆರನೆಯದರ ಮೂಲಕ.

ಬೆಂಗಳೂರಿನಲ್ಲಿ ವಿದ್ಯುದ್ರಸಾಯನದ ಮಾತು ಬಂದಾಗ ಮೊದಲು ಸ್ಮರಿಸಬೇಕಾದವರು ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದು, ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾಲಯದಲ್ಲಿ ಕೆಲಸ ಮಾಡಿ, 1961ರಿಂದ 1966ರವರೆಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಇದ್ದರು. ಮುಂದೆ ವಾಹಕ ಪಾಲಿಮರ್ ಪ್ರಸಿದ್ಧಿಗೆ ಬಂದದ್ದು ಅದೇ ವಿಶ್ವವಿದ್ಯಾಲಯದಲ್ಲಿ. ಮ್ಯಾಕ್‌ಡಿಯಾರ್ಮಿಡ್ ಆಗಲೇ ಅಲ್ಲಿ ಅಧ್ಯಾಪಕರಾಗಿದ್ದರು. ರೆಡ್ಡಿಯವರು ಆ ಕಾಲದಲ್ಲಿ ಕೈಹಾಕಿದ್ದು ಪಾಲಿಮರ್‌ಗಲ್ಲ. ಪ್ಲಾಟಿನಂ ವಿದ್ಯುದ್ವಾರದ ಮೇಲೆ ಮೂಡುವ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯನ್ನು ಬೆಳಕಿನ ಪ್ರತಿಫಲನದಿಂದ ಅಳೆಯುವ ಕೆಲಸ ಅವರದು. ವಿದ್ಯುದ್ವಾರದ ಮೇಲೆ ಪೊರೆ ಯಾವಾಗ, ಎಷ್ಟು ದಪ್ಪ, ಯಾವ ವಿಭವದಲ್ಲಿ ಕಟ್ಟುತ್ತದೆ ಎಂಬ ಪ್ರಶ್ನೆಗೆ ಅಂದು ರೂಪುಗೊಂಡ ಉಪಾಯಗಳು ಮುಂದೆ ಪಾಲಿಮರ್ ಪೊರೆಗಳ ಅಧ್ಯಯನಕ್ಕೂ ಬಂದವು. 1970ರಲ್ಲಿ ಬಾಕ್ರಿಸ್ ಅವರೊಡನೆ ಸೇರಿ ರೆಡ್ಡಿಯವರು ಬರೆದ ಎರಡು ಸಂಪುಟಗಳ 'ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ' ಪ್ರಪಂಚದಾದ್ಯಂತ ಪಠ್ಯವಾಯಿತು.

1966ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ರೆಡ್ಡಿಯವರು, ಇಷ್ಟೆಲ್ಲ ಕಲಿತ ವಿಜ್ಞಾನದಿಂದ ಹಳ್ಳಿಯವರಿಗೆ ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ಹಿಡಿದು 1974ರಲ್ಲಿ 'ಅಸ್ತ್ರ' ಕೇಂದ್ರವನ್ನು ಸ್ಥಾಪಿಸಿದರು. ನಮ್ಮ ಮಾಗಡಿಯ ಪಕ್ಕದ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಅದೇ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರಿಗೆಲ್ಲ ಒಂದೇ ಗೋಬರ್ ಅನಿಲ ಸ್ಥಾವರದ ಪ್ರಯೋಗ ನಡೆಯಿತು. ನಮ್ಮ ಕಡೆಯ ತಾಯಂದಿರು ಬಲ್ಲ, ಹೊಗೆ ಕಡಿಮೆ ಮಾಡುವ 'ಅಸ್ತ್ರ ಒಲೆ' ಬಂದದ್ದು ಈ ಮನೆತನದಿಂದಲೇ. 2006ರ ಮೇ 7ರಂದು ಅವರು ತೀರಿಕೊಂಡರು. ಪ್ಲಾಟಿನಂ ಮೇಲಿನ ಪೊರೆಯನ್ನು ಅಳೆದ ಕೈಯೇ ಸೌದೆಯ ಒಲೆಯ ಲೆಕ್ಕವನ್ನೂ ಹಾಕಿಸಿತೆಂಬುದು ನಮ್ಮ ಹಿಂದಿನ ತಲೆಮಾರಿನ ವಿಜ್ಞಾನಿಗಳ ಬಗೆಗೆ ಬಹಳ ಹೇಳುತ್ತದೆ.

ಅದೇ ಸಂಸ್ಥೆಯ ನಿರವಯವ ಮತ್ತು ಭೌತ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರೊ. ಎನ್. ಮುನಿಚಂದ್ರಯ್ಯನವರು ಪಾಲಿಅನಿಲೀನ್ ಪೊರೆಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದರು. ಅಲ್ಲಿಯವರೆಗಿನ ಪ್ರಯೋಗಗಳಲ್ಲಿ ಬಹುಪಾಲು ನಡೆದದ್ದು ಪ್ಲಾಟಿನಂ ಅಥವಾ ಚಿನ್ನದ ಮೇಲೆ. ಕಾರಣ ಸ್ಪಷ್ಟ. ಬಲವಾದ ಆಮ್ಲದಲ್ಲಿ ಧನ ವಿಭವ ಕೊಟ್ಟಾಗ ಸಾಮಾನ್ಯ ಲೋಹಗಳು ಅನಿಲೀನ್‌ಗಿಂತ ಮೊದಲೇ ತಾವೇ ಕರಗಲಾರಂಭಿಸುತ್ತವೆ. ಆದರೆ ಪ್ಲಾಟಿನಂ ಮೇಲಿನ ವಿದ್ಯೆ ಪ್ರಯೋಗಾಲಯದ ಬಾಗಿಲು ದಾಟಿ ಹೊರಗೆ ಬರುವುದು ಕಷ್ಟ. ಮುನಿಚಂದ್ರಯ್ಯನವರೂ ಅವರ ಶಿಷ್ಯ ಕೆ. ರಾಜೇಂದ್ರ ಪ್ರಸಾದರೂ 2001ರಲ್ಲಿ ಪ್ಲಾಟಿನಂ ಅಲ್ಲದ ಲೋಹಗಳ ಮೇಲೆ ಪಾಲಿಅನಿಲೀನ್ ಪೊರೆ ಕಟ್ಟುವ ಬಗೆಯನ್ನು ಪ್ರಕಟಿಸಿದರು. ಅವುಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಮುಖ್ಯವಾಯಿತು. ಹೌದು, ನಮ್ಮ ಅಡುಗೆಮನೆಯ ಲೋಟ, ತಟ್ಟೆಗಳ ಲೋಹದ ಬಳಗವೇ. ಅದರ ಮೇಲೆ ಕ್ರೋಮಿಯಂ ಆಕ್ಸೈಡಿನ ಸ್ವಾಭಾವಿಕ ಪದರವಿರುವುದರಿಂದ ಆಮ್ಲದ ಪೆಟ್ಟನ್ನು ಅದು ತಾಳಿಕೊಳ್ಳಬಲ್ಲದು.

2002ರಲ್ಲಿ ಅವರು ಇದನ್ನು ಒಂದು ಉಪಕರಣವಾಗಿ ಮಾಡಿ ತೋರಿಸಿದರು. ಸ್ಟೀಲಿನ ಮೇಲೆ ವಿಭವವನ್ನು ಉಯ್ಯಾಲೆಯಂತೆ ತೂಗುವ ವಿಧಾನದಿಂದ, ಸೆಕೆಂಡಿಗೆ 200 ಮಿಲಿವೋಲ್ಟ್‌ನಷ್ಟು ವೇಗದಲ್ಲಿ, ರಂಧ್ರಮಯವಾದ ಪೊರೆಯನ್ನು ಕಟ್ಟಿದರು. ಅಂತಹ ತಗಡುಗಳನ್ನು ಜೋಡಿಸಿ 450 ಫ್ಯಾರಡ್ ಸಾಮರ್ಥ್ಯದ ಸೂಪರ್ ಕೆಪಾಸಿಟರನ್ನು ರಚಿಸಿ, ಅದರಿಂದ ಆಟಿಕೆಯ ಫ್ಯಾನೊಂದನ್ನು ತಿರುಗಿಸಿ ತೋರಿಸಿದರು. ಸೂಪರ್ ಕೆಪಾಸಿಟರ್ ಎಂದರೇನೆಂದು ಕೇಳುವವರಿಗೆ ನಮ್ಮ ರಾಗಿಯ ನಾಡಿನ ಉಪಮೆಯನ್ನೇ ಕೊಡುತ್ತೇನೆ. ಬ್ಯಾಟರಿಯು ಹಗೇವಿನಂತೆ: ಬಹಳ ಹಿಡಿಸುತ್ತದೆ, ಆದರೆ ತುಂಬಲೂ ತೆಗೆಯಲೂ ಹೊತ್ತು ಹಿಡಿಯುತ್ತದೆ. ಸೂಪರ್ ಕೆಪಾಸಿಟರ್ ಬೀಸುವ ಕಲ್ಲಿನ ಪಕ್ಕದ ಮೊರದಂತೆ: ಹಿಡಿಸುವುದು ಕಡಿಮೆ, ಆದರೆ ತಕ್ಷಣ ಕೈಗೆ ಸಿಗುತ್ತದೆ. ಪೊರೆಯಲ್ಲಿ ರಂಧ್ರಗಳು ಹೆಚ್ಚಿದಷ್ಟೂ ಅಯಾನುಗಳು ಒಳಗೆ ಹೋಗಿಬರುವುದು ಸಲೀಸು. ಆದುದರಿಂದ ಕಟ್ಟುವಾಗ ಆರಿಸಿದ ವೇಗವೇ ಮುಂದೆ ಉಪಕರಣದ ಶಕ್ತಿಯನ್ನು ನಿರ್ಧರಿಸುತ್ತದೆ.

ಅತಿಶಯೋಕ್ತಿಗೆ ಎಡೆ ಕೊಡಬಾರದು. ಪಾಲಿಅನಿಲೀನ್ ತಾಮ್ರದ ಸ್ಥಾನಕ್ಕೆ ಬರುವುದಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಒಯ್ದಂತಹ ಸಾಲುಗಳನ್ನು ಯಾರೂ ಹಸಿರು ಪ್ಲಾಸ್ಟಿಕ್ಕಿನಲ್ಲಿ ಎಳೆಯಲಾರರು. ತಾಮ್ರದ ವಾಹಕತೆ ಸಾಮಾನ್ಯ ಪಾಲಿಅನಿಲೀನ್‌ಗಿಂತ ಲಕ್ಷ ಪಟ್ಟಿಗೂ ಮಿಗಿಲು. ವಿದ್ಯುತ್ ತುಂಬಿ ಖಾಲಿ ಮಾಡುವಾಗಲೆಲ್ಲ ಪೊರೆಯು ಉಬ್ಬಿ ಕುಗ್ಗುವುದರಿಂದ ಅನೇಕ ಸಲದ ಬಳಕೆಯಲ್ಲಿ ಬಳಲುತ್ತದೆ. ಅದರ ಸ್ಥಾನವಿರುವುದು ವಿದ್ಯುತ್ ಸಂಗ್ರಹ, ತುಕ್ಕಿನ ತಡೆ, ಅನಿಲಗಳನ್ನು ಗುರುತಿಸುವ ಸೂಕ್ಷ್ಮ ಉಪಕರಣಗಳಂತಹ ಕೆಲಸಗಳಲ್ಲಿ. ಪಾಲಿಪಿರೋಲ್ ಲೇಪಿಸಿದ ರೇಷ್ಮೆಯ ಎಳೆ ವಿದ್ಯುತ್ತನ್ನು ಹರಿಸುತ್ತದೆಂದರೆ ರಾಮನಗರದ ಗೂಡಿನ ಮಾರುಕಟ್ಟೆಯವರು ನಂಬಲಿಕ್ಕಿಲ್ಲ. ಆದರೂ ಅದು ನಿಜ.

ಈ ಚರಿತ್ರೆಯನ್ನು ಓದುತ್ತ ನನಗೆ ಮುಖ್ಯವಾಗಿ ತೋರಿದ್ದು ಇದು. ಕಂಡದ್ದನ್ನು ಲೆಥೆಬಿ ಬರೆದಿಟ್ಟನು. ಯಾವ ಆಮ್ಲ, ಯಾವ ಲೋಹ ಎಂಬುದು ಅವನ ಬರಹದಲ್ಲಿದ್ದುದರಿಂದಲೇ ನೂರು ವರ್ಷಗಳ ಬಳಿಕ ಅದು ಏನೆಂದು ಗುರುತಿಸುವುದು ಸಾಧ್ಯವಾಯಿತು. ಟೋಕಿಯೋದಲ್ಲಿ ಅಳತೆ ತಪ್ಪಿದ್ದು ಉಪಯೋಗಕ್ಕೆ ಬಂದದ್ದು, ಎಷ್ಟು ಪಟ್ಟು ತಪ್ಪಿತೆಂದು ಶಿರಕಾವಾ ಹುಡುಕಿ ತೆಗೆದುದರಿಂದ. ಪ್ರಯೋಗದ ಪುಸ್ತಕದಲ್ಲಿ 'ವಿಧಾನ' ಎಂಬ ಭಾಗವನ್ನು ಪಕ್ಕದವರದ್ದನ್ನು ನೋಡಿ ನಕಲು ಮಾಡಿ, ಉಷ್ಣತೆ, ಪ್ರಮಾಣ, ಹೊತ್ತು ಇವುಗಳನ್ನು ಖಾಲಿ ಬಿಟ್ಟು ಫಲಿತಾಂಶಕ್ಕೆ ಹಾರುವ ಅಭ್ಯಾಸ ನಮ್ಮ ಶಾಲೆಗಳಲ್ಲಿ ಬಹಳ. ಅಂಕಗಳೂ ಫಲಿತಾಂಶಕ್ಕೇ ಹೆಚ್ಚು. ನಿಮ್ಮಲ್ಲಿ ಅನೇಕರು ಈಗ ಉಪಾಧ್ಯಾಯರಾಗಿದ್ದೀರಿ, ತಂದೆತಾಯಿಗಳಾಗಿದ್ದೀರಿ. ಮಕ್ಕಳು ತಂದ ಪುಸ್ತಕದಲ್ಲಿ ಆ ಖಾಲಿ ಜಾಗಗಳನ್ನು ಮೊದಲು ನೋಡಿರೆಂದು ನನ್ನ ಕೋರಿಕೆ.

ಪೊರೆಗಳ ಈ ವಿದ್ಯೆಯಲ್ಲಿ ನೇರ ಅನುಭವವಿರುವ ಶಿಷ್ಯರು, ಕಾರ್ಖಾನೆಯಲ್ಲಿ ಲೇಪನದ ಕೆಲಸ ಮಾಡುವವರು, ಚನ್ನಪಟ್ಟಣದಲ್ಲಿ ಅರಗಿನ ಕೆಲಸ ಬಲ್ಲ ನೆಂಟರು, ತಮ್ಮ ತಮ್ಮ ಅನುಭವವನ್ನು ಬರೆದು ತಿಳಿಸಿದರೆ ಸಂತೋಷ. ವಿಶೇಷವಾಗಿ ಯಾವ ಮರಕ್ಕೆ ಎಷ್ಟು ಒಣಗು ಬೇಕು, ಯಾವ ಬಣ್ಣದ ಅರಗು ಯಾವ ವೇಗಕ್ಕೆ ಒಗ್ಗುತ್ತದೆ ಎಂಬುದನ್ನು ಹಿರಿಯ ಕುಶಲಕರ್ಮಿಗಳ ಬಾಯಿಂದಲೇ ಕೇಳಿ ಯಾರಾದರೂ ಬರೆದಿಡಬೇಕು. ಅದು ಕೈಯಲ್ಲಿ ಮಾತ್ರ ಇರುವ ವಿದ್ಯೆ.